ಜರ್ಮನಿಯ ಕಂಪನಿಗೆ ದಾವಣಗೆರೆಯಿಂದ ಕೆಲಸ: ನಮ್ಮ ಮೇಲಿನ ಕಣ್ಗಾವಲಿಗೆ ಯಾವ ಕಾನೂನು?

ವಿದ್ಯಾನಗರವಾಸಿ:
ನಾನು ದಾವಣಗೆರೆಯ ವಿದ್ಯಾನಗರದ ಮನೆಯಿಂದಲೇ ಜರ್ಮನಿಯ ಕಂಪನಿಯೊಂದಕ್ಕೆ ಬಿಲ್ ಪರಿಶೀಲನೆಯ ಕೆಲಸ ಮಾಡುತ್ತಿದ್ದೇನೆ. ನೇಮಕಾತಿ ಪತ್ರ ನೇರವಾಗಿ ಅಲ್ಲಿಂದಲೇ ಬಂದಿದೆ, ನಡುವೆ ಏಜೆನ್ಸಿಯಿಲ್ಲ. ಕಳೆದ ತಿಂಗಳು ಲ್ಯಾಪ್‌ಟಾಪಿಗೆ ಹಾಕಿಸಿದ ಸಾಫ್ಟ್‌ವೇರ್ ಹತ್ತು ನಿಮಿಷಕ್ಕೊಮ್ಮೆ ಪರದೆಯ ಚಿತ್ರವನ್ನೂ ಕ್ಯಾಮೆರಾದ ಚಿತ್ರವನ್ನೂ ತೆಗೆದು ಕಳುಹಿಸುತ್ತದೆ. ಮೊನ್ನೆ ಮೇಲ್ವಿಚಾರಕರು ತೋರಿಸಿದ ವರದಿಯೊಂದರಲ್ಲಿ ನನ್ನ ಹಿಂದೆ ಅಮ್ಮ ಮಂಡಕ್ಕಿ ತಟ್ಟೆ ಹಿಡಿದು ನಿಂತಿದ್ದರು. ಕೆಳಗೆ ‘ಕೆಲಸವಿಲ್ಲ, 4 ನಿಮಿಷ’ ಎಂದಿತ್ತು. ಅಮ್ಮನಿಗೆ ಇನ್ನೂ ಹೇಳಿಲ್ಲ. ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿರುವುದು ನಿಜ. ಹಾಗಿದ್ದರೂ ಜನರ ವೈಯಕ್ತಿಕ ಮಾಹಿತಿಯನ್ನು ಕಾಪಾಡುವ ಯುರೋಪಿನ ಜಿಡಿಪಿಆರ್ ಕಾನೂನಿನ ರಕ್ಷಣೆ ಭಾರತೀಯನಾದ ನನಗೆ ಸಿಗುತ್ತದೆಯೇ?

ದುರ್ಗದ ವಕೀಲ:
ಸಿಗುತ್ತದೆ ಎಂದೇ ನನ್ನ ಅಭಿಪ್ರಾಯ. 2018ರ ಮೇ 25ರಿಂದ ಅನ್ವಯವಾಗುತ್ತಿರುವ ಆ ಕಾನೂನಿನ 3ನೇ ವಿಧಿ ನೋಡುವುದು ನೌಕರನ ಪೌರತ್ವವನ್ನಲ್ಲ, ಮಾಹಿತಿಯ ಬಳಕೆಯು ಯುರೋಪಿನಲ್ಲಿರುವ ಕಚೇರಿಯ ಚಟುವಟಿಕೆಯ ಭಾಗವೇ ಎಂಬುದನ್ನು. ಚಿತ್ರ ತೆಗೆದ ಲ್ಯಾಪ್‌ಟಾಪ್ ದಾವಣಗೆರೆಯಲ್ಲಿದ್ದರೂ ಅದನ್ನು ತೆಗೆಯಬೇಕೆಂದು ತೀರ್ಮಾನಿಸಿದವರು ಅಲ್ಲಿದ್ದಾರೆ. ಸಹಿಯ ಬಗ್ಗೆ ಹೆಚ್ಚು ಚಿಂತಿಸಬೇಡಿ. ಸಂಬಳ ಕೊಡುವವರು ಮುಂದಿಟ್ಟ ಕಾಗದಕ್ಕೆ ಒಲ್ಲೆ ಎನ್ನುವುದು ನೌಕರನಿಗೆ ಸುಲಭವಲ್ಲವಾದ್ದರಿಂದ, ಅಂಥ ಒಪ್ಪಿಗೆಯನ್ನು ಅಲ್ಲಿನ ನಿಯಂತ್ರಕರು ಸಾಮಾನ್ಯವಾಗಿ ಮುಕ್ತ ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ.

ರುಮೇನಿಯಾದ ಬರ್ಬುಲೆಸ್ಕು ಪ್ರಕರಣ ನಿಮಗೆ ಹತ್ತಿರದ್ದು. ಕಚೇರಿಯ ಯಾಹೂ ಮೆಸೆಂಜರಿನಲ್ಲಿ ಮನೆಯವರೊಡನೆ ಮಾತನಾಡಿದ್ದಕ್ಕೆ ಕೆಲಸ ಕಳೆದುಕೊಂಡ ಆತನ ಪರವಾಗಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿತು. ಮೊದಲೇ ತಿಳಿಸಲಾಗಿತ್ತೇ, ಎಷ್ಟು ಆಳಕ್ಕೆ ಇಣುಕಲಾಯಿತು, ಕಡಿಮೆ ಕಾಟದ ಬೇರೆ ದಾರಿ ಇರಲಿಲ್ಲವೇ ಎಂಬುದನ್ನೆಲ್ಲ ತೂಗಬೇಕಿತ್ತೆಂದು ಅದು ಹೇಳಿತು. ಬಿಲ್ ಪರಿಶೀಲಿಸುವವನ ಮುಖವನ್ನು ಹತ್ತು ನಿಮಿಷಕ್ಕೊಮ್ಮೆ ಸೆರೆಹಿಡಿಯುವುದು ಆ ಕೊನೆಯ ಪ್ರಶ್ನೆಯಲ್ಲಿ ಗೆಲ್ಲುವುದು ನನಗಂತೂ ಕಾಣುವುದಿಲ್ಲ. ದಿನವಿಡೀ ಕ್ಯಾಮೆರಾ ತೆರೆದಿಡಲು ಒಪ್ಪದ ನೌಕರನನ್ನು ತೆಗೆದುಹಾಕಿದ ಅಮೆರಿಕದ ಕಂಪನಿಯೊಂದಕ್ಕೆ 2022ರಲ್ಲಿ ನೆದರ್ಲೆಂಡ್ಸ್‌ನ ನ್ಯಾಯಾಲಯ ಪರಿಹಾರ ಕೊಡುವಂತೆ ಆದೇಶಿಸಿದ್ದೂ ಇದೆ.

ಗಿರಣಿಯವರ ಮಗಳು:
ವಕೀಲರ ಮಾತು ಒಪ್ಪಿದರೂ, ಎಲ್ಲವೂ ನೌಕರರ ಪರ ಎಂದುಕೊಳ್ಳಬೇಡಿ. ಸ್ಪೇನಿನ ಸೂಪರ್‌ಮಾರ್ಕೆಟಿನಲ್ಲಿ ಕಳ್ಳತನದ ಬಲವಾದ ಅನುಮಾನದ ಮೇಲೆ ಇಟ್ಟ ಗುಪ್ತ ಕ್ಯಾಮೆರಾವನ್ನು ಅದೇ ನ್ಯಾಯಾಲಯ 2019ರಲ್ಲಿ ತಪ್ಪೆನ್ನಲಿಲ್ಲ. ನಮ್ಮ ತಂದೆಯವರು ಇಲ್ಲಿನ ಹತ್ತಿ ಗಿರಣಿಯಲ್ಲಿದ್ದಾಗ ನೀರು ಕುಡಿಯಲು ಎದ್ದರೂ ಜಾಬರ್, ಅಂದರೆ ಕೆಲಸಗಾರರ ಮೇಸ್ತ್ರಿ, ಗಡಿಯಾರ ನೋಡುತ್ತಿದ್ದರಂತೆ. ಆದರೆ ಅವರು ನಮ್ಮ ಅಜ್ಜಿಯ ಚಿತ್ರ ತೆಗೆದಿಟ್ಟುಕೊಂಡಿರಲಿಲ್ಲ. ನಿಮ್ಮ ತಾಯಿ ಯಾವ ಪತ್ರಕ್ಕೂ ಸಹಿ ಹಾಕಿಲ್ಲವಷ್ಟೇ? ಅಲ್ಲಿಂದ ಹಿಡಿಯಿರಿ. ಜಿಡಿಪಿಆರ್‌ನ 15ನೇ ವಿಧಿಯಡಿ ನಿಮ್ಮ ಬಗ್ಗೆ ಇಟ್ಟಿರುವ ಮಾಹಿತಿಯ ಪ್ರತಿ ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಲೇಬೇಕು. ಜರ್ಮನಿಯ ಆ ಕಚೇರಿಯಲ್ಲಿ ನೌಕರರೇ ಆರಿಸಿದ ನೌಕರರ ಮಂಡಳಿ ಇದ್ದರೆ ಅದಕ್ಕೂ ಒಂದು ಪ್ರತಿ ಕಳುಹಿಸಿ. ಅಲ್ಲಿ ಇಂಥ ಸಾಫ್ಟ್‌ವೇರ್ ಅಳವಡಿಸಲು ಮಂಡಳಿಯ ಸಮ್ಮತಿ ಬೇಕಾಗುತ್ತದೆ.

ಅಲ್ಲಿ ದಂಡ ಬರೀ ಕಾಗದದ ಮಾತಲ್ಲ. ರಜೆ ಮುಗಿಸಿ ಬಂದವರನ್ನು ಮಾತಿಗೆಳೆದು ಅವರ ಕಾಯಿಲೆ, ಮನೆಯ ಕಷ್ಟಗಳನ್ನೆಲ್ಲ ಬರೆದಿಟ್ಟ ಎಚ್ ಅಂಡ್ ಎಂ ಕಂಪನಿಗೆ ಹ್ಯಾಂಬರ್ಗಿನ ನಿಯಂತ್ರಕರು 2020ರಲ್ಲಿ 3.53 ಕೋಟಿ ಯುರೋ ದಂಡ ಹಾಕಿದರು.

ದುರ್ಗದ ವಕೀಲ:
ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ಇದರಲ್ಲಿ ಹೆಚ್ಚು ನಿರೀಕ್ಷಿಸಬೇಡಿ. ಅದರ 7ನೇ ಸೆಕ್ಷನ್ ಉದ್ಯೋಗದ ಉದ್ದೇಶಗಳಿಗಾಗಿ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಮಾಲೀಕರಿಗೆ ಅವಕಾಶ ಕೊಡುತ್ತದೆ.

ವಿದ್ಯಾನಗರವಾಸಿ:
ಇಬ್ಬರಿಗೂ ಧನ್ಯವಾದಗಳು. ಅರ್ಜಿಯನ್ನು ಇಂದು ಬೆಳಿಗ್ಗೆ ಕಳುಹಿಸಿದೆ. ಅಮ್ಮನ ಚಿತ್ರಗಳನ್ನು ಅಳಿಸುವಂತೆ ಅವರ ಹೆಸರಿನಲ್ಲೇ ಬೇರೆ ಪತ್ರ ಬರೆದು ಸಹಿ ಹಾಕಿಸಬೇಕಾದ್ದರಿಂದ ವಿಷಯ ಹೇಳಲೇಬೇಕಾಯಿತು. ಅವರು ಕೇಳಿದ ಮೊದಲ ಪ್ರಶ್ನೆ, ಆ ದಿನ ತಾವು ಯಾವ ಸೀರೆ ಉಟ್ಟಿದ್ದೆವೆಂಬುದು.