[ಪದಚರ್ಚೆ] ಟರ್ಮಿನಲ್ 'ಆಪ್ಷನ್'ಗೆ ಕನ್ನಡ ಪದ: ನಾಳೆ ಸಂಜೆಯೊಳಗೆ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಹಾಕುವ ಫ್ಲೆಕ್ಸ್ ಒಂದು ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತದೆ. ಟರ್ಮಿನಲ್ ಕಿಟಕಿಯನ್ನು (ಕಂಪ್ಯೂಟರಿಗೆ ಆದೇಶಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ) ಮೌಸ್ ಮುಟ್ಟದೆ ಆದೇಶ ಕೊಟ್ಟೇ ತೆರೆಯುವುದು, ತೆರೆಯುವಾಗಲೇ ಅದರ ಅಳತೆ, ಅಕ್ಷರ, ತಲೆಬರಹ ಹೊಂದಿಸುವುದು, ಇದು ವಿಷಯ. ಎಕ್ಸ್‌ಟರ್ಮ್ ಮತ್ತು ಗ್ನೋಮ್ ಟರ್ಮಿನಲ್ ಎಂಬ ಎರಡು ಟರ್ಮಿನಲ್ ಕ್ರಮವಿಧಿಗಳು (ಪ್ರೋಗ್ರಾಮುಗಳು) ಇವೆ. ಫ್ಲೆಕ್ಸಿನಲ್ಲಿ ಆದೇಶಗಳು ರೋಮನ್ ಲಿಪಿಯಲ್ಲೇ ಇರುತ್ತವೆ. ಇಲ್ಲಿ ಮಾತ್ರ ನಮ್ಮ ಈ ಚರ್ಚಾಪಟ್ಟಿಯ ನಿಯಮದಂತೆ ಕನ್ನಡದಲ್ಲಿ ಬರೆದಿದ್ದೇನೆ. ಮಾದರಿ ಸಾಲು:

ಎಕ್ಸ್‌ಟರ್ಮ್ -ಜಿಯಾಮೆಟ್ರಿ 100ಎಕ್ಸ್30+0+0 -ಎಫ್‌ಎ ಮಾನೋಸ್ಪೇಸ್ -ಎಸ್‌ಬಿ -ಟಿ ಪಾಠ -ಇ ಟಾಪ್ -ಎಫ್‌ಎಸ್ 14

ಇದರಲ್ಲಿ ಕಿರುಗೆರೆ ಹೊತ್ತು ಬರುವವಕ್ಕೆ (ಆಪ್ಷನ್) ಏನನ್ನೋಣ? ಅವುಗಳ ನಂತರ ಬರುವ 100ಎಕ್ಸ್30, 14, ಪಾಠ ಇವಕ್ಕೆ (ಆರ್ಗ್ಯುಮೆಂಟ್) ಏನು? ಇಡೀ ಸಾಲಿಗೆ (ಕಮಾಂಡ್ ಲೈನ್) ಏನು? ಸದ್ಯಕ್ಕೆ ಕರಡಿನಲ್ಲಿ 'ಆಯ್ಕೆ', 'ವಾದ', 'ಆಜ್ಞಾಸಾಲು' ಎಂದಿದೆ. ಎರಡನೆಯದು ಮನಸ್ಸಿಗೆ ಒಪ್ಪುತ್ತಿಲ್ಲ. ಓದುವವರು ಮೊದಲ ವರ್ಷದ ಡಿಗ್ರಿ ವಿದ್ಯಾರ್ಥಿಗಳು, ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು.

ಉತ್ತರ 1

'ಆಯ್ಕೆ' ಸಾಕು, ಮುಂದೆ ಹೋಗಿ. 'ವಾದ' ತೆಗೆದುಹಾಕಿ. ಅದು ತರ್ಕದ ಆರ್ಗ್ಯುಮೆಂಟು. ಇಲ್ಲಿರುವುದು ಗಣಿತದಿಂದ ಬಂದ ಆರ್ಗ್ಯುಮೆಂಟು, ಕೆಲಸಕ್ಕೆ ಒದಗಿಸುವ ಬೆಲೆ. ನಿಘಂಟಿನಲ್ಲಿ ಮೊದಲು ಕೊಟ್ಟ ಅರ್ಥವನ್ನು ಎತ್ತಿ ಇಟ್ಟರೆ ಹೀಗೇ ಆಗುವುದು.

'ಆಜ್ಞಾಸಾಲು' ಅರಿಸಮಾಸ. ಸಂಸ್ಕೃತಕ್ಕೆ ಕನ್ನಡ ಹೊಲಿಯಬಾರದು. 'ಆಣತಿಸಾಲು' ಎನ್ನಿ, ಅಚ್ಚಗನ್ನಡ.

ಉತ್ತರ 2

> 'ಆಯ್ಕೆ' ಸಾಕು, ಮುಂದೆ ಹೋಗಿ.

ಸಾಲದು. ಟರ್ಮಿನಲ್ಲಿನಲ್ಲಿ 'ಆಯ್ಕೆ'ಗೆ ಈಗಾಗಲೇ ಇನ್ನೊಂದು ಕೆಲಸ ಇದೆ. ಮೌಸ್ ಎಳೆದು ಬಣ್ಣ ಹತ್ತಿಸಿದ ಪಠ್ಯವೂ ಆಯ್ಕೆಯೇ. ನಡುಗುಂಡಿ ಒತ್ತಿದರೆ ಅದೇ ಅಂಟುತ್ತದೆ. "ಆಯ್ಕೆಯನ್ನು ಆದೇಶಕ್ಕೆ ಸೇರಿಸಿ" ಎಂದು ಗೋಡೆಯ ಮೇಲೆ ಬರೆದರೆ ಹುಡುಗರು ಯಾವುದನ್ನು ಸೇರಿಸಬೇಕು?

ಇನ್ನೊಂದು. ಮೇಡಂ ಬರೆದ ಸಾಲಿನಲ್ಲಿ ಮೂರು ಜಾತಿಯ ವಸ್ತುಗಳಿವೆ. -ಎಸ್‌ಬಿ ಒಂಟಿ, ತನ್ನ ನಂತರ ಏನನ್ನೂ ಬೇಡುವುದಿಲ್ಲ. -ಎಫ್‌ಎಸ್‌ಗೆ 14 ಇಲ್ಲದೆ ನಡೆಯದು. ಟಾಪ್ ಇವೆರಡೂ ಅಲ್ಲ, ಅದು ಓಡಬೇಕಾದ ಕ್ರಮವಿಧಿ. ಪಾಸಿಕ್ಸ್ ಶಿಷ್ಟತೆಯೂ (ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡ) ಇವನ್ನು ಬೇರೆ ಬೇರೆ ಹೆಸರಿನಲ್ಲಿ ಕರೆಯುತ್ತದೆ: ಆಪ್ಷನ್, ಆಪ್ಷನ್ನಿನ ಆರ್ಗ್ಯುಮೆಂಟು, ಆಪರೆಂಡು. ಹೆಸರು ಕಲಸಿದರೆ ತಪ್ಪು ಎಲ್ಲಿ ಆಯಿತೆಂದು ಹುಡುಗರಿಗೆ ತೋರಿಸಿಕೊಡಲು ಆಗುವುದಿಲ್ಲ.

ಒಂಟಿಯಾಗಿ ಬರುವವಕ್ಕೆ 'ಸ್ವಿಚ್' ಎಂದೇ ಹೇಳಿ. ಎಕ್ಸ್‌ಟರ್ಮ್‌ನಲ್ಲಿ ಅವು ನಿಜಕ್ಕೂ ಸ್ವಿಚ್ಚುಗಳು: -ಎಸ್‌ಬಿ ಎಂದರೆ ಪಕ್ಕದ ಸ್ಕ್ರಾಲ್‌ಪಟ್ಟಿ ಬರುತ್ತದೆ, +ಎಸ್‌ಬಿ ಎಂದರೆ ಹೋಗುತ್ತದೆ. ಕೂಡಿಸುವ ಗುರುತಿಗೆ ಆರುತ್ತದೆ, ಕಳೆಯುವ ಗುರುತಿಗೆ ಹತ್ತುತ್ತದೆ. ಬ್ಯಾಶ್ ಎಂಬ ಶೆಲ್ಲಿನ (ನಾವು ಹೊಡೆದ ಆದೇಶಗಳನ್ನು ಓದಿ ನಡೆಸುವ ಕ್ರಮವಿಧಿ) 'ಸೆಟ್ -ಎಕ್ಸ್', 'ಸೆಟ್ +ಎಕ್ಸ್' ಕೂಡ ಹೀಗೇ. ಎಲ್ಲರೂ ತಿರುಗುಮುರುಗಾಗಿ ಊಹಿಸುವ ಜಾಗ ಇದು, ಫ್ಲೆಕ್ಸಿನಲ್ಲಿ ಎದ್ದು ಕಾಣುವಂತೆ ಹಾಕಿ.

ಉತ್ತರ 3

ಮನೆಯಲ್ಲೇ ಪದ ಇಟ್ಟುಕೊಂಡು ಊರೆಲ್ಲ ಹುಡುಕುತ್ತಿದ್ದೀರಿ. 'ಕೊಸರು'.

ಹೂವಿನವಳು ಒಂದು ಮೊಳ ಅಳೆದು ಕತ್ತರಿಸುವ ಮುಂಚೆ ಇನ್ನೊಂದು ಗೇಣು ಬಿಡುತ್ತಾಳಲ್ಲ, ಅದು ಕೊಸರು. ಸೊಪ್ಪಿನ ಕಟ್ಟಿನ ಮೇಲೆ ಇಡುವ ನಾಲ್ಕು ಎಸಳು ಕೊತ್ತಂಬರಿ ಕೊಸರು. ಮುಖ್ಯ ವ್ಯವಹಾರ ಮುಗಿದಿದೆ. ಬೇಕೆಂದರೆ ಕೇಳಿ ಪಡೆಯುವುದು, ಕೇಳದಿದ್ದರೂ ವ್ಯಾಪಾರ ಕೆಡದು. ಎಕ್ಸ್‌ಟರ್ಮ್ ಎಂದಷ್ಟೇ ಹೊಡೆದರೂ 80 ಕಂಬ (ಸಾಲಿಗೆ 80 ಅಕ್ಷರ) 24 ಸಾಲಿನ ಕಿಟಕಿ ಸಿಕ್ಕೇ ಸಿಗುತ್ತದೆ. ಅದರ ಮೇಲೆ ಕೇಳುವುದೆಲ್ಲ ಕೊಸರು. ಪದದ ಅರ್ಥಕ್ಕೂ ವಸ್ತುವಿನ ಕೆಲಸಕ್ಕೂ ಇಷ್ಟು ಒಪ್ಪವಾದ ಜೋಡಿ ಇನ್ನೊಂದು ಸಿಗಲಾರದು. ಮೂರೇ ಅಕ್ಷರ, ಒತ್ತಕ್ಷರ ಇಲ್ಲ.

ಉತ್ತರ 4

ಕೊಸರಿನವರಿಗೆ: ಆಗದು. ಇಂದಿನ ಹುಡುಗರಿಗೆ ಆ ಧಾತು ಗೊತ್ತಿರುವುದು 'ಕೊಸರಾಡು', 'ಕೊಸರಿಕೊಂಡು ಓಡಿದ' ಎಂಬಲ್ಲಿ. ಅರ್ಥವೂ ಕೂಡುವುದಿಲ್ಲ. ಕೊಸರು ಬಿಟ್ಟಿ ಸಿಗುವುದು, ಕೊಟ್ಟವರ ದಯೆ. -ಇ ಎಂಬುದು ದಯೆಯಲ್ಲ. ಅದನ್ನು ಕೊಟ್ಟರೆ ಕಿಟಕಿಯೊಳಗೆ ಶೆಲ್ಲೇ ಬರುವುದಿಲ್ಲ, ಬೇರೆ ಕ್ರಮವಿಧಿ ಓಡುತ್ತದೆ. ಮುಖ್ಯ ವ್ಯವಹಾರವನ್ನೇ ಬದಲಾಯಿಸುವುದು ಕೊಸರು ಹೇಗಾದೀತು?

ನಮ್ಮ ವ್ಯಾಕರಣದಲ್ಲಿ ಒಂದು ವಿಧಿ ಬಂದರೂ ಸರಿ ಬಾರದಿದ್ದರೂ ಸರಿ ಎಂಬಲ್ಲಿ 'ವಿಕಲ್ಪ' ಎನ್ನುತ್ತಾರೆ. ಆಪ್ಷನ್ ಎಂದರೆ ಅದೇ. 'ವಿಕಲ್ಪ' ಬಳಸಿ, ಮೌಸಿನ ಆಯ್ಕೆಯ ಜತೆ ತಕರಾರೂ ತಪ್ಪುತ್ತದೆ.

ಉತ್ತರ 5

> 'ವಿಕಲ್ಪ' ಬಳಸಿ

ವಿಕಲ್ಪ ಎಂದರೆ ಕನ್ನಡದ ಕಿವಿಗೆ ಸಂಶಯ, ಕೆಟ್ಟ ಎಣಿಕೆ. "ಮನಸ್ಸಿನಲ್ಲಿ ವಿಕಲ್ಪ ಇಟ್ಟುಕೊಳ್ಳಬೇಡ" ಎನ್ನುತ್ತೇವೆ. ಹಿಂದಿಯ ಮೆನುಗಳಲ್ಲಿ ಈ ಪದ ನೋಡಿ ಅಭ್ಯಾಸವಾದವರಿಗೆ ಸಹಜ ಎನ್ನಿಸುತ್ತದೆ, ಅಷ್ಟೆ. ಇಂಗ್ಲಿಷಿನ ಸಾಲ ಬೇಡ ಎಂದು ಹೊರಟು ಹಿಂದಿಯ ದಾರಿಯಲ್ಲಿ ಬಂದ ಸಂಸ್ಕೃತ ತರುವುದಾದರೆ ನಾವು ಉಳಿಸಿದ್ದು ಏನನ್ನು? 'ಆಯ್ಕೆ' ನಮ್ಮದೇ: ಆಯ್ ಧಾತು, ಕೆ ಪ್ರತ್ಯಯ. ಅಕ್ಕಿ ಆಯುವವರ ಬಾಯಲ್ಲಿ ಇವತ್ತಿಗೂ ಬದುಕಿದೆ.

ಉತ್ತರ 1ಕ್ಕೆ: 'ಆಣತಿ' ಅಚ್ಚಗನ್ನಡವಲ್ಲ, ತದ್ಭವ. ಆಜ್ಞಪ್ತಿ ಪ್ರಾಕೃತದಲ್ಲಿ ಆಣತ್ತಿಯಾಗಿ ನಮಗೆ ಬಂದದ್ದು. 'ಆಜ್ಞಾ' ಹೀಗೇ 'ಆಣೆ' ಆಯಿತು, ಈಗ ಪ್ರಮಾಣ ಮಾಡಲು ಮಾತ್ರ ಉಳಿದಿದೆ. ಅಚ್ಚಗನ್ನಡ ಎಂಬ ಮುದ್ರೆ ಒತ್ತುವ ಮುಂಚೆ ಒಮ್ಮೆ ನೋಡಬೇಕು.

'ಟರ್ಮಿನಲ್' ಅನ್ನೂ ಯಾಕೆ ಹಾಗೇ ಬಿಟ್ಟಿದ್ದೀರಿ? 'ತುದಿಯಂತ್ರ' ಎನ್ನಬಹುದಲ್ಲ.

ಉತ್ತರ 1, ಮತ್ತೆ

ತದ್ಭವ ಎಂಬುದನ್ನು ಒಪ್ಪುತ್ತೇನೆ. ಆದರೆ ತದ್ಭವಕ್ಕೂ ದೇಶ್ಯಕ್ಕೂ ಸಮಾಸವಾದರೆ ಅದು ಅರಿಯಲ್ಲ, ಹಾಗಾಗಿ 'ಆಣತಿಸಾಲು' ನಿಲ್ಲುತ್ತದೆ. 'ಆಜ್ಞಾಸಾಲು' ನಿಲ್ಲುವುದಿಲ್ಲ. 'ತುದಿಯಂತ್ರ' ಕೂಡ ನಿಲ್ಲುವುದಿಲ್ಲ, ಅದೇ ಕಾರಣಕ್ಕೆ.

ಉತ್ತರ 2, ಮತ್ತೆ

> 'ಟರ್ಮಿನಲ್' ಅನ್ನೂ ಯಾಕೆ ಹಾಗೇ ಬಿಟ್ಟಿದ್ದೀರಿ?

ತುದಿಯೇ ಈಗ ಇಲ್ಲವಲ್ಲ. 1978ರಲ್ಲಿ ಡೆಕ್ ಕಂಪನಿಯ ವಿಟಿ100 ಬಂದಾಗ ಅದು ತಂತಿಯ ತುದಿಯಲ್ಲಿ ಕೂತ ನಿಜವಾದ ಪೆಟ್ಟಿಗೆ. 80 ಕಂಬ 24 ಸಾಲು ಅದರ ಪರದೆಯ ಅಳತೆ. 1984ರಲ್ಲಿ ಎಕ್ಸ್‌ಟರ್ಮ್ ಹುಟ್ಟಿದ್ದು ಅಂಥ ಪೆಟ್ಟಿಗೆಯ ನಡತೆಯನ್ನು ಕಿಟಕಿಯೊಳಗೆ ಅನುಕರಿಸಲು. ಇಂದು ಆ ಪೆಟ್ಟಿಗೆ ನೋಡದವರೂ ಟರ್ಮಿನಲ್ ಎನ್ನುತ್ತಾರೆ, ಅರ್ಥ ಮಾಡಿಕೊಳ್ಳುತ್ತಾರೆ. ಸತ್ತ ರೂಪಕವನ್ನು ಅಗೆದು ತೆಗೆದು ಕನ್ನಡದ ಬಟ್ಟೆ ತೊಡಿಸಿದರೆ ಅದು ಅನುವಾದ ಅಲ್ಲ.

ಅರಿಸಮಾಸದ ಚರ್ಚೆಗೆ: ದಿನವಿಡೀ 'ದೂರವಾಣಿ ಕರೆ' ಎನ್ನುವವರು ನಾವೇ. ಅಷ್ಟಾಗಿಯೂ ಅಳುಕಿದ್ದರೆ ವಿಭಕ್ತಿ ಬಿಡಿಸಿ ಬರೆಯಿರಿ, 'ಆದೇಶದ ಸಾಲು'. ಸಮಾಸವೇ ಇಲ್ಲದ ಮೇಲೆ ಅರಿ ಎಲ್ಲಿಂದ ಬರಬೇಕು?

ಉತ್ತರ 6

ಪದ ಯಾವುದಾದರೂ ಆಗಲಿ, ಮೇಡಂ ಕೊಟ್ಟಿರುವ ಮಾದರಿ ಸಾಲು ಓಡುವುದಿಲ್ಲ. ಯಾರೂ ಗಮನಿಸಿಲ್ಲ.

-ಇ ಯಾವಾಗಲೂ ಕೊನೆಯ ಆಪ್ಷನ್ ಆಗಿರಬೇಕು. ಅದರಿಂದಾಚೆ ಬಂದದ್ದನ್ನೆಲ್ಲ ಎಕ್ಸ್‌ಟರ್ಮ್ ಓಡಿಸಬೇಕಾದ ಕ್ರಮವಿಧಿಗೆ ದಾಟಿಸಿಬಿಡುತ್ತದೆ. ಈ ಸಾಲಿನಲ್ಲಿ -ಎಫ್‌ಎಸ್ 14 ಟಾಪ್‌ನ ಪಾಲಾಗಿದೆ. ಟಾಪ್‌ಗೆ ಅದು ಅರ್ಥವಾಗದೆ ದೂರು ಹೇಳಿ ನಿಲ್ಲುತ್ತದೆ; ಒಳಗಿನ ಕೆಲಸ ನಿಂತ ಕೂಡಲೇ ಕಿಟಕಿಯೂ ಮುಚ್ಚುತ್ತದೆ. ಹುಡುಗರಿಗೆ ಕಾಣುವುದು ಮಿಂಚಿ ಮಾಯವಾದ ಕಿಟಕಿ ಮಾತ್ರ, ದೂರು ಓದಲು ಸಮಯವೇ ಸಿಗದು. -ಎಫ್‌ಎಸ್ 14 ಅನ್ನು -ಎಫ್‌ಎ ಪಕ್ಕಕ್ಕೆ ತನ್ನಿ. ಅದರ ಜಾಗ ಅದೇ, -ಎಫ್‌ಎ ಹೇಳುವ ಟ್ರೂಟೈಪ್ ಅಕ್ಷರಕ್ಕೆ ಮಾತ್ರ -ಎಫ್‌ಎಸ್ ಅನ್ವಯಿಸುತ್ತದೆ. ಜತೆಗೆ -ಹೋಲ್ಡ್ ಕೂಡ ಕಲಿಸಿ: ಒಳಗಿನ ಕೆಲಸ ಮುಗಿದರೂ ಕಿಟಕಿ ಉಳಿಯುತ್ತದೆ, ಏನು ತಪ್ಪಾಯಿತು ಎಂದು ಓದಬಹುದು.

ತಲೆಬರಹದ ಟಿ ದೊಡ್ಡಕ್ಷರ. ಸಣ್ಣ ಟಿ ಹೊಡೆದರೆ ಎಕ್ಸ್‌ಟರ್ಮ್ ಟೆಕ್ಟ್ರೋನಿಕ್ಸ್ ಎಂಬ ಹಳೆಯ ಚಿತ್ರ ಟರ್ಮಿನಲ್ಲಿನ ವೇಷಕ್ಕೆ ಹೋಗುತ್ತದೆ. ಕನ್ನಡ ಲಿಪಿಯಲ್ಲಿ ದೊಡ್ಡದು ಸಣ್ಣದು ಇಲ್ಲದ್ದರಿಂದ ವಿವರಣೆಯಲ್ಲಿ 'ದೊಡ್ಡ ಟಿ' ಎಂದು ಬಿಡಿಸಿಯೇ ಹೇಳಬೇಕು.

100ಎಕ್ಸ್30 ಎಂಬುದು ಪಿಕ್ಸೆಲ್ ಅಲ್ಲ, 100 ಅಕ್ಷರ ಅಗಲ, 30 ಸಾಲು ಎತ್ತರ. ನಡುವಿನದು ಎಕ್ಸ್ ಅಕ್ಷರ, ಗುಣಾಕಾರದ ಚಿಹ್ನೆಯಲ್ಲ. +0+0 ಪರದೆಯ ಎಡ ಮೇಲ್ಮೂಲೆ, -0-0 ಬಲ ಕೆಳಮೂಲೆ. ಈ ಭಾಗ ಮಾತ್ರ ಪಿಕ್ಸೆಲ್ ಲೆಕ್ಕ. ವೇಲ್ಯಾಂಡ್ (ಪರದೆಯಲ್ಲಿ ಕಿಟಕಿಗಳನ್ನು ತೋರಿಸುವ ಒಂದು ವ್ಯವಸ್ಥೆ) ಮೇಲೆ ಓಡುವ ಗ್ನೋಮ್ ಟರ್ಮಿನಲ್ ಅಳತೆಯ ಮಾತು ಕೇಳುತ್ತದೆ, ಜಾಗದ ಮಾತು ಕೇಳುವುದಿಲ್ಲ, ಏಕೆಂದರೆ ಕಿಟಕಿಯನ್ನು ಎಲ್ಲಿಡಬೇಕು ಎಂಬುದು ಅಲ್ಲಿ ಕ್ರಮವಿಧಿಯ ಕೈಯಲ್ಲಿಲ್ಲ.

ಗ್ನೋಮ್ ಟರ್ಮಿನಲ್ಲಿಗೆ ಬೇರೆಯದೇ ಸಾಲು ಕೊಡಿ. ಅಲ್ಲಿ ಉದ್ದ ಹೆಸರಿನ ಆಪ್ಷನ್ನುಗಳಿಗೆ ಎರಡು ಕಿರುಗೆರೆ, ಬೆಲೆಗೆ ಸಮಚಿಹ್ನೆ: --ಜಿಯಾಮೆಟ್ರಿ=100ಎಕ್ಸ್30. -ಇ ಹಳತಾಯಿತು, ಬಳಸಿದರೆ ಎಚ್ಚರಿಕೆ ಬರುತ್ತದೆ. ಅದರ ಬದಲು ಎರಡು ಕಿರುಗೆರೆಯನ್ನಷ್ಟೇ ಬರೆದು, ಜಾಗ ಬಿಟ್ಟು, ಓಡಬೇಕಾದ ಆದೇಶ ಬರೆಯಬೇಕು. --ಟೈಟಲ್ ಕೊಟ್ಟು ಶೆಲ್ ತೆರೆದರೆ ಹಲವು ಕಂಪ್ಯೂಟರುಗಳಲ್ಲಿ ತಲೆಬರಹ ಮಿಂಚಿ ಹೋಗಿಬಿಡುತ್ತದೆ. ಆಪ್ಷನ್ ಕೆಟ್ಟಿರುವುದಿಲ್ಲ, ಶೆಲ್ಲಿನ ಪ್ರಾಂಪ್ಟು (ಆದೇಶಕ್ಕಾಗಿ ಕಾಯುವಾಗ ತೋರುವ ಗುರುತು) ಪ್ರತಿ ಸಲವೂ ತನ್ನ ತಲೆಬರಹವನ್ನು ಮೇಲೆ ಬರೆಯುತ್ತಿರುತ್ತದೆ.

ಕೊನೆಗೆ ಪ್ರೆಸ್ಸಿನ ವಿಷಯ. ವರ್ಡ್‌ನಂಥದರಲ್ಲಿ ಟೈಪ್ ಮಾಡಿದರೆ ಎರಡು ಕಿರುಗೆರೆ ತಾನಾಗಿ ಕೂಡಿ ಒಂದು ಉದ್ದಗೆರೆ ಆಗುತ್ತದೆ, ನೆಟ್ಟಗಿನ ಉದ್ಧರಣ ಚಿಹ್ನೆ ಬಾಗುತ್ತದೆ. ಗೋಡೆ ನೋಡಿ ಹೊಡೆಯುವವರಿಗೆ ಅಲ್ಲಿರುವುದು ಒಂದೋ ಎರಡೋ ತಿಳಿಯುವುದಿಲ್ಲ. ಆದೇಶಗಳನ್ನು ಸಾದಾ ಪಠ್ಯದ ಕಡತದಲ್ಲಿ ಕೊಡಿ, ಸಮಾನ ಅಗಲದ ಫಾಂಟಿನಲ್ಲಿ ಕೂರಿಸಲು ಹೇಳಿ, ಪ್ರೂಫ್ ನೋಡುವಾಗ ಕಿರುಗೆರೆಗಳನ್ನು ಎಣಿಸಿ.

ಪದದ ಬಗ್ಗೆ ಒಂದೇ ಮಾತು: ಮುಂದೆ ಸಹಾಯಪಠ್ಯವನ್ನೂ ಅನುವಾದಿಸುವವರು ಇದ್ದಾರೆ. ಟರ್ಮಿನಲ್ಲಿನಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಮನೆ. ಒತ್ತು, ಗುಣಿತ ಅದರಲ್ಲಿ ನೇರವಾಗಿ ಕೂರುವುದಿಲ್ಲ. ಎಕ್ಸ್‌ಟರ್ಮ್ ಅಂತೂ ಒತ್ತಕ್ಷರ ಕಟ್ಟುವುದೇ ಇಲ್ಲ. ಕಂಬಗಳು ಓಲಾಡುತ್ತವೆ. ಪದ ಗಿಡ್ಡವಾಗಿದ್ದಷ್ಟೂ ಒಳ್ಳೆಯದು.

ಉತ್ತರ 3, ಮತ್ತೆ

ಗಿಡ್ಡವಾಗಿ, ಒತ್ತಿಲ್ಲದೆ ಎಂದು ನೀವೇ ಹೇಳಿದಿರಿ. 'ಕೊಸರು' ಅಲ್ಲದೆ ಇನ್ನಾವುದಿದೆ? ಮೇಲೆ ಸೂಚಿಸಿದ 'ಆಯ್ಕೆ', 'ಸ್ವಿಚ್', 'ವಿಕಲ್ಪ' ಮೂರಕ್ಕೂ ಒತ್ತಕ್ಷರ. ಕೊಸರಾಡು ಎಂಬುದು ಬೇರೆ ಪ್ರಯೋಗ, ನಾಮಪದ ಸಂತೆಯಲ್ಲಿ ಇನ್ನೂ ಜೀವಂತ ಇದೆ. ಹುಡುಗರಿಗೆ ಗೊತ್ತಿಲ್ಲ ಎಂದು ಬಿಡುತ್ತ ಹೋದದ್ದಕ್ಕೇ ಗೊತ್ತಿಲ್ಲದ ಹಾಗಾಯಿತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆ. ಸಾಲು ತಿದ್ದಿಕೊಟ್ಟವರಿಗೆ ವಿಶೇಷವಾಗಿ; ತಪ್ಪು ಹಾಗೆಯೇ ಗೋಡೆ ಹತ್ತುತ್ತಿತ್ತು.

'ಆಯ್ಕೆ' ಉಳಿಸಿಕೊಳ್ಳುತ್ತೇನೆ, ಮೌಸಿನದನ್ನು 'ಆರಿಸಿದ ಪಠ್ಯ' ಮಾಡುತ್ತೇನೆ. ಆಯ್, ಆರಿಸು ಎರಡೂ ಇರುವಾಗ ಒಂದೊಂದಕ್ಕೆ ಒಂದೊಂದು ಕೆಲಸ ಕೊಡಬಹುದು. ಆರ್ಗ್ಯುಮೆಂಟಿಗೆ 'ಬೆಲೆ', ಲೆಕ್ಕದ ಪಠ್ಯಪುಸ್ತಕದಲ್ಲಿ "ಎಕ್ಸ್‌ನ ಬೆಲೆ ಕಂಡುಹಿಡಿಯಿರಿ" ಎಂದು ಓದಿ ಬಂದವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಫ್ಲೆಕ್ಸಿನ ಪಠ್ಯ ಹೀಗಿದೆ:

ಆದೇಶದ ಸಾಲಿನಿಂದ ಟರ್ಮಿನಲ್ ತೆರೆಯುವುದು

ಕಿರುಗೆರೆಯಿಂದ ಶುರುವಾಗುವುದು ಆಯ್ಕೆ. ಆಯ್ಕೆಗೆ ಬೆಲೆ ಬೇಕಿದ್ದರೆ ಒಂದು ಜಾಗ ಬಿಟ್ಟು ಬರೆಯಿರಿ. ಬೆಲೆ ಬೇಡದ ಆಯ್ಕೆ ಸ್ವಿಚ್ ಇದ್ದಂತೆ: ಎಕ್ಸ್‌ಟರ್ಮ್‌ನಲ್ಲಿ -ಎಸ್‌ಬಿ ಸ್ಕ್ರಾಲ್‌ಪಟ್ಟಿ ತರುತ್ತದೆ, +ಎಸ್‌ಬಿ ತೆಗೆಯುತ್ತದೆ. -ಇ ಮತ್ತು ಓಡಬೇಕಾದ ಆದೇಶವನ್ನು ಕೊನೆಯಲ್ಲಿ ಬರೆಯಬೇಕು. ಕಿಟಕಿ ತಟ್ಟನೆ ಮುಚ್ಚಿಕೊಂಡರೆ -ಇ ಮುಂಚೆ -ಹೋಲ್ಡ್ ಸೇರಿಸಿ ಮತ್ತೆ ಓಡಿಸಿ.

ಎಕ್ಸ್‌ಟರ್ಮ್ -ಜಿಯಾಮೆಟ್ರಿ 100ಎಕ್ಸ್30+0+0 -ಎಫ್‌ಎ ಮಾನೋಸ್ಪೇಸ್ -ಎಫ್‌ಎಸ್ 14 -ಎಸ್‌ಬಿ -(ದೊಡ್ಡ)ಟಿ ಪಾಠ -ಇ ಟಾಪ್

ಉತ್ತರ 6, ಮತ್ತೆ

"ಒಂದು ಜಾಗ ಬಿಟ್ಟು" ಎಕ್ಸ್‌ಟರ್ಮ್‌ಗೆ ಸರಿ. ಕೆಳಗೆ ಗ್ನೋಮ್ ಸಾಲೂ ಬರುವುದಾದರೆ "ಅಥವಾ ಸಮಚಿಹ್ನೆ ಹಾಕಿ, ಜಾಗ ಬಿಡದೆ" ಎಂದು ಸೇರಿಸಿ. ಸಮಚಿಹ್ನೆಯ ಎರಡೂ ಬದಿ ಜಾಗ ಬಿಟ್ಟರೆ ಅದು ಮೂರು ತುಂಡಾಗಿ ಒಡೆದುಹೋಗುತ್ತದೆ. ತಲೆಬರಹದಲ್ಲಿ ಎರಡು ಪದ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಇದನ್ನೂ ಬರೆಯಿರಿ.

ಉತ್ತರ 1, ಮತ್ತೆ

'ಆದೇಶದ ಸಾಲು' ನಡೆಯುತ್ತದೆ. "-ಇ ಮುಂಚೆ" ತಪ್ಪು, "-ಇಗೆ ಮುಂಚೆ" ಆಗಬೇಕು. ಪ್ರಿಂಟಿಗೆ ಕೊಡುವ ಮುಂಚೆ ತಿದ್ದಿಕೊಳ್ಳಿ.