ಎಂಟಿಆರ್ ಹೋಟೆಲೋ, ಕಂಪನಿಯೋ, ಬ್ರಾಂಡೋ? ವಿಕಿಡೇಟಾದಲ್ಲಿ ಹೇಗೆ ಹಾಕೋದು?

ಬೆಣ್ಣೆದೋಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕರ್ನಾಟಕದ ಹಳೆಯ ಕಂಪನಿಗಳು, ಅವು ಮಾಡುವ ಹೆಸರುವಾಸಿ ಸಾಮಾನುಗಳು, ಇವನ್ನೆಲ್ಲ ವಿಕಿಡೇಟಾದಲ್ಲಿ (ವಿಕಿಪೀಡಿಯದ ಜೊತೆಗಿರುವ ಮುಕ್ತ ಡೇಟಾ ಕಣಜ) ಸರಿಯಾಗಿ ಹಾಕೋಣ ಅಂತ ಒಂದು ಶೀಟ್ ಮಾಡಿಕೊಂಡಿದ್ದೇನೆ. ಹೆಸರು, ಶುರುವಾದ ವರ್ಷ, ಊರು, ಮಾಲೀಕರು, ಇಷ್ಟೇ ಕಾಲಂ. ತುಂಬುವಾಗ ಸಲೀಸಾಗಿತ್ತು. ಈಗ ಪ್ರತಿ ಸಾಲಿಗೂ ಪಿ31 ಕೊಡಬೇಕಲ್ಲ, ಅಂದರೆ ಇದು ಯಾವ ಬಗೆಯದು ಅನ್ನುವ ಹೇಳಿಕೆ, ಅಲ್ಲಿ ನಿಂತುಬಿಟ್ಟಿದ್ದೇನೆ.

ಎಂಟಿಆರ್ ತಗೊಳ್ಳಿ. ಲಾಲ್‌ಬಾಗ್ ಹತ್ತಿರದ ಹೋಟೆಲ್ಲೂ ಎಂಟಿಆರ್, ದಿನಸಿ ಅಂಗಡಿಯ ರವೆ ಇಡ್ಲಿ ಪ್ಯಾಕೆಟ್ಟೂ ಎಂಟಿಆರ್. ಮೈಸೂರ್ ಸ್ಯಾಂಡಲ್‌ಗೆ ಸಾಬೂನು ಅಂತ ಹಾಕಬೇಕಾ, ಬ್ರಾಂಡ್ ಅಂತ ಹಾಕಬೇಕಾ? ಎಲ್ಲದಕ್ಕೂ ಕಂಪನಿ ಅಂತ ಹಾಕಿ ಮುಗಿಸು ಅಂತ ಒಬ್ಬರು ಹೇಳಿದರು, ಪ್ರತಿಯೊಂದಕ್ಕೂ ಮೂರು ಐಟಂ, ಅಂದರೆ ವಿಕಿಡೇಟಾದಲ್ಲಿ ಮೂರು ಬೇರೆ ಬೇರೆ ಪುಟ, ಮಾಡು ಅಂತ ಇನ್ನೊಬ್ಬರು. ಇಬ್ಬರೂ ಯಾಕೆ ಅಂತ ಹೇಳಲಿಲ್ಲ.

---

ತ್ರಿವಳಿ:

ಅದು ಏನು ಅಂತ ಯೋಚನೆ ಮಾಡುವುದನ್ನು ಪಕ್ಕಕ್ಕಿಡಿ. ಅದರ ಬಗ್ಗೆ ಏನೇನು ಹೇಳಬೇಕಾಗಿದೆ ಅನ್ನುವುದನ್ನು ನೋಡಿ. ಶುರುವಾದ ವರ್ಷ, ಮಾಲೀಕರು, ಊರು ಈ ಮೂರರಲ್ಲಿ ಯಾವುದಕ್ಕಾದರೂ ಎರಡು ಉತ್ತರ ಬಂದು, ಎರಡೂ ನಿಜವೇ ಆಗಿದ್ದರೆ ಅಲ್ಲಿ ಎರಡು ವಸ್ತು ಇವೆ ಅಂತಲೇ ಅರ್ಥ.

ಎಂಟಿಆರ್‌ಗೆ ಹಚ್ಚಿ ನೋಡಿ. ಹೋಟೆಲ್ ಶುರುವಾಗಿದ್ದು 1924ರಲ್ಲಿ, ಇವತ್ತಿಗೂ ಮಯ್ಯ ಕುಟುಂಬದ್ದೇ. ಪ್ಯಾಕೆಟ್ ವ್ಯಾಪಾರ ಬೆಳೆದದ್ದು ತುರ್ತು ಪರಿಸ್ಥಿತಿಯ ನಂತರ. ಸರ್ಕಾರ ಹೋಟೆಲ್ ತಿಂಡಿಯ ಬೆಲೆ ಇಳಿಸಲು ಹೇಳಿದಾಗ ಗಿಟ್ಟದೆ, ಮಿಕ್ಸ್ ಪುಡಿಗಳ ಕಡೆ ಹೊರಳಿದರು. ಆ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಹೋಟೆಲನ್ನು ಕೊಳ್ಳಲಿಲ್ಲ. ಈಗ ಆ ಕಂಪನಿಯ ಹೆಸರೂ ಓರ್ಕ್ಲಾ ಇಂಡಿಯಾ ಅಂತ ಆಗಿದೆ, ಎಂಟಿಆರ್ ಅನ್ನುವುದು ಅದರ ಕೈಯಲ್ಲಿರುವ ಒಂದು ಬ್ರಾಂಡ್, ಕೇರಳದ ಈಸ್ಟರ್ನ್ ಮಸಾಲೆ ಇನ್ನೊಂದು. ಒಂದೇ ಐಟಂನಲ್ಲಿ ಇದನ್ನೆಲ್ಲ ತುರುಕಿದರೆ 1924ರ ಹೋಟೆಲನ್ನು ನಾರ್ವೆಯವರು ನಡೆಸುತ್ತಿದ್ದಾರೆ ಅಂತ ಕಂಪ್ಯೂಟರ್ ಓದಿಕೊಳ್ಳುತ್ತದೆ. ಯಾರೋ ಒಬ್ಬರು ಆ ಡೇಟಾ ಎತ್ತಿಕೊಂಡು ವಿದೇಶಿ ಒಡೆತನದ ಹೋಟೆಲುಗಳ ನಕ್ಷೆ ಮಾಡುತ್ತಾರೆ, ಅದರಲ್ಲಿ ಎಂಟಿಆರ್ ಬರುತ್ತದೆ, ಆಮೇಲೆ ಜಗಳ ಬೇರೆ.

ಹಾಗಾಗಿ ಇಲ್ಲಿ ಮೂರು ಬೇಕೇ ಬೇಕು. ಹೋಟೆಲಿಗೆ ಪಿ31 ರೆಸ್ಟೋರೆಂಟ್. ಕಂಪನಿಗೆ ಪಿ31 ವ್ಯಾಪಾರ ಸಂಸ್ಥೆ. ಬ್ರಾಂಡಿಗೆ ಪಿ31 ಬ್ರಾಂಡ್, ಜೊತೆಗೆ ಪಿ127ರಲ್ಲಿ ಮಾಲೀಕ ಕಂಪನಿ. ಹೋಟೆಲ್ ಮತ್ತು ಕಂಪನಿ ನಡುವೆ ಪಿ1889 ಹಾಕಿ, ಇದು ಅದಲ್ಲ ಅನ್ನುವ ಗುರುತು. ಇಲ್ಲದಿದ್ದರೆ ಹೆಸರು ಒಂದೇ ಇದೆ ಅಂತ ಯಾರಾದರೂ ಬಂದು ಎರಡನ್ನೂ ಸೇರಿಸಿಬಿಡುತ್ತಾರೆ.

ಮೈಸೂರ್ ಸ್ಯಾಂಡಲ್‌ನಲ್ಲಿ ಎರಡು ಸಾಕು. ಅದನ್ನು ಮಾಡುವ ಸರ್ಕಾರಿ ಸಂಸ್ಥೆ ಕೆಎಸ್‌ಡಿಎಲ್ ಕಂಪನಿ ಆಗಿದ್ದು 1980ರಲ್ಲಿ. ಸೋಪು ಅದಕ್ಕಿಂತ ಅರವತ್ತು ವರ್ಷಕ್ಕೂ ಹಳೆಯದು, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಸರ್ಕಾರಿ ಕಾರ್ಖಾನೆಯದ್ದು. ಜಿಐ ಟ್ಯಾಗ್, ಅಂದರೆ ಇಂಥ ಊರಿನದ್ದು ಅನ್ನುವ ಕಾನೂನಿನ ಭೌಗೋಳಿಕ ಗುರುತು, ಸಿಕ್ಕಿರುವುದೂ ಸೋಪಿಗೇ. ಕಂಪನಿಗಿಂತ ಅದರ ಸಾಮಾನಿಗೆ ವಯಸ್ಸು ಜಾಸ್ತಿ ಇದ್ದರೆ ಎರಡನ್ನೂ ಒಂದೇ ಪುಟದಲ್ಲಿ ಇಡಲು ಆಗಲ್ಲ, ಅಲ್ವಾ?

---

ಕಡಲೆಪುರಿ:

ತ್ರಿವಳಿ ಹೇಳಿದ್ದು ಎಂಟಿಆರ್‌ಗೆ ಸರಿ. ಆದರೆ ಅದನ್ನೇ ಹಿಡಿದುಕೊಂಡು ಎಲ್ಲದಕ್ಕೂ ಮೂರು ಮೂರು ಐಟಂ ಮಾಡಬೇಡಿ. ಒಂದು ಸಣ್ಣ ಅಗರಬತ್ತಿ ಕಂಪನಿ, ಅದೇ ಹೆಸರಿನ ಬ್ರಾಂಡ್, ಅದೇ ಮಾಲೀಕ, ಅದೇ ವರ್ಷ. ಅದಕ್ಕೆ ಬ್ರಾಂಡ್ ಅಂತ ಇನ್ನೊಂದು ಐಟಂ ಮಾಡಿ ಏನು ಸಾಧಿಸುತ್ತೀರಿ? ಅರ್ಧ ಜನ ಇದರಲ್ಲಿ ವಿಳಾಸ ತುಂಬುತ್ತಾರೆ, ಇನ್ನರ್ಧ ಜನ ಅದರಲ್ಲಿ. ಎರಡೂ ಅರೆಬರೆ.

ಇನ್ನೊಂದು ತೊಡಕು ಇದೆ. ವಿಕಿಪೀಡಿಯದ ಒಂದು ಲೇಖನ ಒಂದೇ ಐಟಂಗೆ ಜೋಡಣೆಯಾಗುತ್ತದೆ. ಕನ್ನಡದ ಲೇಖನ ಸೋಪಿನ ಬಗ್ಗೆ, ಇಂಗ್ಲಿಷಿನದ್ದು ಕಂಪನಿಯ ಬಗ್ಗೆ ಇದ್ದರೆ, ಒಡೆದ ಮೇಲೆ ಎರಡೂ ಭಾಷೆಯ ಕೊಂಡಿ ಬೇರೆ ಬೇರೆ ಕಡೆ ಹೋಗುತ್ತವೆ, ಓದುವವರಿಗೆ ಪಕ್ಕದ ಭಾಷೆಯ ಲೇಖನ ಕಾಣಿಸುವುದಿಲ್ಲ. ಅದು ತಪ್ಪಲ್ಲ, ಆದರೆ ಗೊತ್ತಿರಲಿ.

ಪ್ಯಾಕೆಟ್ ಮಟ್ಟಕ್ಕೆ ಇಳಿಯುವ ಆಸೆ ಇದ್ದರೆ, ಅಂದರೆ 200 ಗ್ರಾಂ ಪ್ಯಾಕೆಟ್, 500 ಗ್ರಾಂ ಪ್ಯಾಕೆಟ್ ಅಂತ, ಅದಕ್ಕೆ ಓಪನ್ ಫುಡ್ ಫ್ಯಾಕ್ಟ್ಸ್ ಅನ್ನುವ ಆಹಾರ ಪ್ಯಾಕೆಟ್ಟುಗಳ ಮುಕ್ತ ಡೇಟಾಬೇಸ್ ಇದೆ. 2012ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾಗಿದ್ದು. ಅಲ್ಲಿ ಬಾರ್‌ಕೋಡೇ ಗುರುತು. ಸೋಪು, ಶಾಂಪೂಗೆ ಓಪನ್ ಬ್ಯೂಟಿ ಫ್ಯಾಕ್ಟ್ಸ್ ಅಂತ ಅದರದ್ದೇ ಒಡಹುಟ್ಟು. ಎರಡು ಎಚ್ಚರಿಕೆ. ಬಾರ್‌ಕೋಡ್ 890 ಅಂತ ಶುರುವಾದರೆ ಭಾರತದಲ್ಲಿ ತಯಾರಾಗಿದ್ದು ಅಂತ ತುಂಬುವವರು ಬಹಳ ಇದ್ದಾರೆ. ಆ ನಂಬರು ಬಾರ್‌ಕೋಡ್ ಹಂಚುವ ಜಿಎಸ್1 ಇಂಡಿಯಾದಿಂದ ಕೊಟ್ಟಿದ್ದು ಅಂತ ಹೇಳುತ್ತದೆ ಅಷ್ಟೇ, ಕಾರ್ಖಾನೆ ಎಲ್ಲಿದೆ ಅಂತ ಹೇಳಲ್ಲ. ಎರಡನೆಯದು ಲೈಸೆನ್ಸ್. ಓಪನ್ ಫುಡ್ ಫ್ಯಾಕ್ಟ್ಸ್ ಡೇಟಾ ಓಡಿಬಿಎಲ್ ಅಡಿ ಇದೆ, ಅಂದರೆ ಮೂಲ ಹೇಳಬೇಕು, ಅದೇ ಲೈಸೆನ್ಸಿನಲ್ಲಿ ಹಂಚಬೇಕು. ವಿಕಿಡೇಟಾ ಸಿಸಿ0, ಅದಕ್ಕೆ ಷರತ್ತೇ ಇಲ್ಲ. ಅಲ್ಲಿಂದ ಇಲ್ಲಿಗೆ ಸುಮ್ನೆ ಸಾರಾಸಗಟಾಗಿ ಸುರಿಯುವ ಹಾಗಿಲ್ಲ.

---

ಬೆಣ್ಣೆದೋಸೆ:

ಇಬ್ಬರಿಗೂ ಥ್ಯಾಂಕ್ಸ್. ವರ್ಷ, ಮಾಲೀಕ, ಊರು ಅನ್ನುವ ಪರೀಕ್ಷೆ ನನ್ನ ಶೀಟ್‌ಗೆ ಚೆನ್ನಾಗಿ ಹೊಂದುತ್ತದೆ, ಆ ಕಾಲಂಗಳು ಹೇಗೂ ಇವೆ. ಇನ್ನು ಮೂರು ಉಳಿದವು. ಎಚ್‌ಎಂಟಿ ಜನತಾಗೆ ಪಿ31 ಕೈಗಡಿಯಾರ ಅಂತ ಹಾಕಬಹುದಾ? ನಂದಿನಿ ಯಾರದ್ದು ಅಂತ ಬರೆಯಬೇಕು? ಚನ್ನಪಟ್ಟಣದ ಗೊಂಬೆಗೆ ಯಾವ ಕಂಪನಿ?

---

ತ್ರಿವಳಿ:

ಜನತಾಗೆ ಪಿ31 ಕೈಗಡಿಯಾರ ಅಂತ ಹಾಕಿದರೆ ಜನತಾ ಅನ್ನುವುದು ಒಂದೇ ಒಂದು ವಾಚು ಅಂತ ಆಗುತ್ತದೆ. ನಿಮ್ಮ ತಾತನ ಕೈಯಲ್ಲಿದ್ದ ವಾಚು ಒಂದು ಕೈಗಡಿಯಾರ. ಜನತಾ ಅನ್ನುವುದು ಲಕ್ಷಾಂತರ ವಾಚುಗಳಿಗೆ ಇರುವ ಮಾದರಿ. ಹಾಗಾಗಿ ಪಿ279 ಕೈಗಡಿಯಾರ, ಅಂದರೆ ಕೈಗಡಿಯಾರದ ಒಂದು ಉಪವರ್ಗ, ಮತ್ತು ಪಿ31ರಲ್ಲಿ ವಾಚ್ ಮಾದರಿ. ಕಾರು, ಫೋನುಗಳಿಗೂ ಇದೇ ಕ್ರಮ. ಮೈಸೂರ್ ಸ್ಯಾಂಡಲ್‌ಗೂ ಅಷ್ಟೇ: ಪಿ279 ಸಾಬೂನು, ಪಿ31 ಬ್ರಾಂಡ್, ಪಿ176ರಲ್ಲಿ ತಯಾರಕರು ಕೆಎಸ್‌ಡಿಎಲ್. ಪಿ31, ಪಿ279 ಇವೆರಡನ್ನು ಅದಲು ಬದಲು ಮಾಡುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಗಲಾಟೆ.

ಎಚ್‌ಎಂಟಿ ಇನ್ನೂ ಒಂದು ಕಾರಣಕ್ಕೆ ಒಳ್ಳೆಯ ಉದಾಹರಣೆ. ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ, ಯಂತ್ರೋಪಕರಣಕ್ಕಾಗಿ. ಬೆಂಗಳೂರಿನ ವಾಚ್ ಕಾರ್ಖಾನೆ ಬಂದಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಜೊತೆ ಸೇರಿ. ವಾಚಿಗೆ ಅಂತ ಆಮೇಲೆ ಆದ ಅಂಗಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಆದರೂ ಆ ಹೆಸರಿನ ವಾಚು ಈಗಲೂ ಮಾರಾಟವಾಗುತ್ತಿದೆ. ಅಂಗಸಂಸ್ಥೆ ಮುಚ್ಚಿತು ಅಂತ ಬ್ರಾಂಡಿಗೂ ಮಾದರಿಗೂ ಪಿ576, ಅಂದರೆ ಮುಚ್ಚಿದ ತಾರೀಖು, ಹಾಕಿ ಸಾಯಿಸಬೇಡಿ. ಅದು ಆ ಅಂಗಸಂಸ್ಥೆಯ ಐಟಂನಲ್ಲಿ ಮಾತ್ರ ಇರಬೇಕು.

ನಂದಿನಿ ಬ್ರಾಂಡ್, ಮಾಲೀಕರು ಕೆಎಂಎಫ್. ಕೆಎಂಎಫ್ ಹಾಲು ಒಕ್ಕೂಟಗಳ ಸಹಕಾರಿ ಮಹಾಮಂಡಳಿ. ಅದನ್ನು ಸರ್ಕಾರಿ ಕಂಪನಿ ಅಂತ ಹಾಕುವವರೇ ಜಾಸ್ತಿ, ಸರ್ಕಾರದ ಹೆಸರು ದಿನಾ ಅದರ ಜೊತೆ ಕೇಳಿ ಕೇಳಿ. ಕಾನೂನು ರೂಪಕ್ಕೆ ಪಿ1454 ಅಂತ ಬೇರೆ ಜಾಗವೇ ಇದೆ, ಸಹಕಾರಿ ಅನ್ನುವುದನ್ನು ಅಲ್ಲಿ ಹೇಳಿ. ಹಾಗೇ ಡೈರಿ ಕಂಪನಿ, ಸೋಪ್ ಕಂಪನಿ ಅಂತ ಪಿ31ರಲ್ಲಿ ಹೊಸ ಹೊಸ ವರ್ಗ ಹುಟ್ಟಿಸಬೇಡಿ. ಉದ್ಯಮ ಪಿ452ರಲ್ಲಿ, ಏನು ತಯಾರಿಸುತ್ತಾರೆ ಅನ್ನುವುದು ಪಿ1056ರಲ್ಲಿ. ಒಂದೇ ಕಂಪನಿ ನಾಳೆ ಸೋಪಿನ ಜೊತೆ ಅಗರಬತ್ತಿಯನ್ನೂ ಮಾಡುತ್ತದೆ, ಆಗ ವರ್ಗ ಬದಲಿಸುತ್ತಾ ಕೂರುತ್ತೀರಾ?

ಚನ್ನಪಟ್ಟಣದ ಗೊಂಬೆಗೆ ಕಂಪನಿ ಇಲ್ಲ. ತಯಾರಕರ ಜಾಗ ಖಾಲಿ ಬಿಡಿ. ತಯಾರಾಗುವ ಸ್ಥಳ, ಪಿ1071, ಅದರಲ್ಲಿ ಚನ್ನಪಟ್ಟಣ ಹಾಕಿ. ಮನೆ ಮನೆಯಲ್ಲಿ, ಸಣ್ಣ ಸಣ್ಣ ಘಟಕದಲ್ಲಿ ಕಡೆಯುವ ಗೊಂಬೆಗೆ ಒಬ್ಬ ಮಾಲೀಕನನ್ನು ಅಂಟಿಸುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ. ಮೈಸೂರು ರೇಷ್ಮೆ ಸೀರೆ ಹಾಗಲ್ಲ, ಅದರ ಜಿಐ ಇರುವುದು ರಾಜ್ಯದ ಸರ್ಕಾರಿ ರೇಷ್ಮೆ ಸಂಸ್ಥೆ ಕೆಎಸ್‌ಐಸಿ ಹೆಸರಿನಲ್ಲಿ. ಎರಡಕ್ಕೂ ಜಿಐ ಇದೆ ಅಂತ ಒಂದೇ ಅಚ್ಚಿಗೆ ಹಾಕಬೇಡಿ.

---

ಹಳೇಪಾಸ್‌ಬುಕ್:

ಬ್ಯಾಂಕುಗಳೂ ನಿಮ್ಮ ಶೀಟ್‌ನಲ್ಲಿ ಇದ್ದರೆ ಇದು ಓದಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಒಳಗೆ ಹೋಯಿತು, ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರ ಅದೇ ದಿನ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಬ್ಯಾಂಕ್ ವಿಲೀನ ಆಯಿತು ಅಂತ ಐಟಂ ವಿಲೀನ ಮಾಡಬಾರದು. ವಿಕಿಡೇಟಾದ ಮರ್ಜ್ ಬಟನ್ ಒತ್ತಿದರೆ ಹಳೆಯ ಬ್ಯಾಂಕು ಬರೀ ರೀಡೈರೆಕ್ಟ್ ಆಗಿ ಉಳಿಯುತ್ತದೆ, ಅದರ 1913, ಅದರ ಬೆಂಗಳೂರು ಪ್ರಧಾನ ಕಚೇರಿ ಎಲ್ಲ ಹೋಗಿ ಎಸ್‌ಬಿಐ ತಲೆಗೆ ಅಂಟಿಕೊಳ್ಳುತ್ತವೆ. ಐಟಂ ಹಾಗೇ ಬಿಟ್ಟು ಪಿ576ರಲ್ಲಿ ತಾರೀಖು, ಪಿ1366ರಲ್ಲಿ ಮುಂದೆ ಬಂದ ಬ್ಯಾಂಕು ಹಾಕಿ. 1960ರ ತನಕ ಅದು ಬರೀ ಬ್ಯಾಂಕ್ ಆಫ್ ಮೈಸೂರು ಆಗಿತ್ತು, ಅದಕ್ಕೆ ಬೇರೆ ಐಟಂ ಬೇಡ, ಹಳೆಯ ಹೆಸರಿಗೆ ಶುರು ಮತ್ತು ಕೊನೆಯ ವರ್ಷ ಕೊಟ್ಟರೆ ಸಾಕು.

ಇನ್ನೊಂದು, ಎಲ್ಲ ತುಂಬಿದ ಮೇಲೆ ಸ್ಪಾರ್ಕಲ್‌ನಲ್ಲಿ, ಅಂದರೆ ವಿಕಿಡೇಟಾಗೆ ಪ್ರಶ್ನೆ ಕೇಳುವ ಭಾಷೆಯಲ್ಲಿ, ಕರ್ನಾಟಕದ ಕಂಪನಿಗಳು ಅಂತ ಪಟ್ಟಿ ತೆಗೆಯುತ್ತೀರಲ್ಲ, ಆಗ ಕೆಲವು ಕಾಣಿಸದೆ ಹೋಗಬಹುದು. ಪಿ31 ಒಂದನ್ನೇ ಕೇಳಬೇಡಿ, ಅದರ ನಂತರ ಪಿ279 ಮತ್ತು ನಕ್ಷತ್ರ ಚಿಹ್ನೆ ಇರಲಿ, ಆಗ ಉಪವರ್ಗಗಳೂ ಬರುತ್ತವೆ. ಆಮೇಲೂ ಕಾಣದಿದ್ದರೆ ಹೇಳಿಕೆಗಳಿಗೆ ಕೊಟ್ಟ ಆದ್ಯತೆ, ಅಂದರೆ ರ‍್ಯಾಂಕ್ ನೋಡಿ. ಒಂದು ಐಟಂಗೆ ಬ್ಯಾಂಕ್, ಕಂಪನಿ ಅಂತ ಎರಡು ಪಿ31 ಇದ್ದು, ಯಾರೋ ಒಂದನ್ನು ಪ್ರಿಫರ್ಡ್ ಮಾಡಿದ್ದರೆ, ಡಬ್ಲ್ಯುಡಿಟಿ ಅಂತ ಶುರುವಾಗುವ ಮಾಮೂಲಿ ಕ್ವೆರಿಗೆ ಇನ್ನೊಂದು ಕಾಣಿಸುವುದೇ ಇಲ್ಲ. ಪಿ ಮತ್ತು ಪಿಎಸ್ ಹಾಕಿ ಕೇಳಿದರೆ ಎರಡೂ ಬರುತ್ತವೆ. ಡೇಟಾ ಹೋಯಿತು ಅಂತ ಮತ್ತೆ ತುಂಬಲು ಹೊರಡುವ ಮುಂಚೆ ಇದೊಂದು ನೋಡಿಕೊಳ್ಳಿ.

---

ಬೆಣ್ಣೆದೋಸೆ:

ಪ್ರಿಫರ್ಡ್ ವಿಷಯ ಗೊತ್ತೇ ಇರಲಿಲ್ಲ. ಮೊದಲು ಎಂಟಿಆರ್ ಮೂರು ಐಟಂ ತುಂಬಿ ಕೊಂಡಿ ಇಲ್ಲಿ ಹಾಕುತ್ತೇನೆ, ಕಡಲೆಪುರಿಯವರು ಒಮ್ಮೆ ಕಣ್ಣು ಹಾಯಿಸಿ. ಅಗರಬತ್ತಿ ಕಂಪನಿಗಳಿಗೆ ಒಂದೊಂದೇ ಐಟಂ, ಒಪ್ಪಿದೆ.