ಪದಚರ್ಚೆ: ಬ್ಯಾನರಿಗೆ ‘ಪಾಪ’ ಅಲ್ಲದ ಪದ ಬೇಕು, ಸಂಜೆ ಐದರೊಳಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ನಮ್ಮ ಚರ್ಚಿನ ಗೇಟಿಗೆ ಬಟ್ಟೆ ಬ್ಯಾನರ್ ಬರೆಸುತ್ತಿದ್ದೇವೆ (ಬೆಂಗಳೂರಲ್ಲಿ ಫ್ಲೆಕ್ಸ್ ಹಾಕುವ ಹಾಗಿಲ್ಲ, ಗೊತ್ತಲ್ಲ). ಸಭಾಪಾಲಕರು ವಿಷಯ ಹೇಳಿದ್ದು ಇಂಗ್ಲಿಷಿನಲ್ಲಿ: ನಮ್ಮ ಫೇಲಿಂಗ್ಸ್ ಬಗ್ಗೆ ಆನೆಸ್ಟ್ ಆಗಿರೋಣ, ಫೇತ್ ಇದ್ದರೆ ಸಾಲ್ವೇಶನ್. ನಾನು ‘ಪ್ರಾಮಾಣಿಕ ಪಾಪಿಗಳು, ನಂಬಿಕೆಯಿಂದ ರಕ್ಷಣೆ’ ಅಂತ ಬರೆದುಕೊಟ್ಟೆ. ಪೇಂಟರ್ ಓದಿ ನಕ್ಕುಬಿಟ್ಟ. “ಏನ್ ಸಾರ್, ಪ್ರಾಮಾಣಿಕವಾಗಿ ಪಾಪ ಮಾಡೋರಾ?” ಅಂದ. ಅವನು ಕೇಳಿದ್ದು ಸರಿಯೇ.

ನನಗೆ ಬೇಕಾಗಿರುವುದು ಕೊಲೆ, ಕಳ್ಳತನದಂಥ ಪಾಪ ಅಲ್ಲ. ಮುಂಗೋಪ, ಸೋಮಾರಿತನ, ಕೊಟ್ಟ ಮಾತು ಮರೆಯುವುದು, ಇಂಥವು. ಅದೂ ಅಲ್ಲದೆ ಮಾತಿನಲ್ಲಿ ‘ಪಾಪ’ ಅಂದರೆ ಕನಿಕರ. ‘ಪಾಪ, ಒಳ್ಳೆ ಮನುಷ್ಯ’ ಅನ್ನುತ್ತೇವೆ. ಪೇಂಟರ್ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು ಕೂತಿದ್ದಾನೆ. ಸಾಲಿಗೆ 12 ಅಕ್ಷರಕ್ಕಿಂತ ಜಾಸ್ತಿ ಹಿಡಿಸುವುದಿಲ್ಲವಂತೆ.

ಬಸವನಗುಡಿಯಿಂದ:
‘ಕುಂದುಕೊರತೆ’. ಇದಕ್ಕೆ ಚರ್ಚೆ ಯಾಕೆ?

ಮಲ್ಲೇಶ್ವರದಿಂದ:
ಹಾಕಿ ನೋಡಿ. ನಾಳೆ ಬೆಳಿಗ್ಗೆ ಜನ ನೀರಿನ ಬಿಲ್ಲು, ಖಾತಾ ಅರ್ಜಿ ಹಿಡಿದು ಗೇಟಿನ ಮುಂದೆ ಕ್ಯೂ ನಿಲ್ಲುತ್ತಾರೆ.

ನಿಮಗೆ ಬೇಕಾದ ಪದ ಕಣ್ಣೆದುರಿಗೇ ಇದೆ: ತಪ್ಪು. ಬೈಬಲಿನಲ್ಲಿ ‘ಪಾಪ’ ಅಂತ ನಾವು ಓದುವ ಕಡೆ ಮೂಲ ಗ್ರೀಕಿನಲ್ಲಿರುವುದು ‘ಹಮಾರ್ತಿಯಾ’. ಆ ಪದದ ಬೇರು ಗುರಿ ತಪ್ಪುವುದು, ಬಾಣ ಅಥವಾ ಈಟಿ ಎಸೆದಾಗ ಆಗುತ್ತದಲ್ಲ, ಅದೇ. ಕನ್ನಡದಲ್ಲಿ ಗುರಿಯೂ ತಪ್ಪುತ್ತದೆ, ಬಸ್ಸೂ ತಪ್ಪುತ್ತದೆ, ಮಾತೂ ತಪ್ಪುತ್ತದೆ, ಆಮೇಲೆ ಅದೇ ಪದ ‘ನನ್ನ ತಪ್ಪು’ ಅಂತ ನಾಮಪದವಾಗಿ ಬಂದು ಕೂರುತ್ತದೆ. ಗ್ರೀಕಿಗೆ ಇಷ್ಟು ಹತ್ತಿರದ ಪದ ಕೈಯಲ್ಲೇ ಇದೆ. ಇದನ್ನು ನಾನು ಹತ್ತು ಸಲ ಬರೆದಿದ್ದೇನೆ, ಯಾರೂ ಕೇಳುವುದಿಲ್ಲ.

ಇನ್ನು ‘ಪ್ರಾಮಾಣಿಕ’ ತೆಗೆದುಬಿಡಿ. ತಪ್ಪು ಒಪ್ಪಿಕೊಂಡರೆ ಅದೇ ಪ್ರಾಮಾಣಿಕತೆ, ಮೇಲೊಂದು ಬಿರುದು ಬೇಡ. ಯೋಹಾನನ ಮೊದಲ ಪತ್ರಿಕೆ 1:9 ನೋಡಿ. ಪಾಪ ಅರಿಕೆ ಮಾಡುವವರು ನಾವು, ‘ನಂಬಿಗಸ್ತ’ ಅಂತ ಹೇಳಿರುವುದು ದೇವರಿಗೆ.

ಬಸವನಗುಡಿಯಿಂದ:
> ‘ಪ್ರಾಮಾಣಿಕ’ ತೆಗೆದುಬಿಡಿ
ಸಂತೋಷ. ‘ರಕ್ಷಣೆ’ಯನ್ನೂ ತೆಗೆಯಿರಿ, ಅದೂ ಸಂಸ್ಕೃತ. ‘ಕಾಪು’ ಅನ್ನಿ.

ಕಿಟೆಲ್ ನಗರದಿಂದ:
ಕಾಪು ಉಡುಪಿ ಹತ್ತಿರ ಇದೆ ಸಾರ್, ಅಲ್ಲಿ ದೀಪಸ್ತಂಭ ಇದೆ, ಬಸ್ಸೂ ಸಿಗುತ್ತದೆ.

ಎರವಲು ಎರವಲು ಅಂತ ಎಷ್ಟು ದಿನ ಜಗಳ? ‘ಪಾದ್ರಿ’ ಪೋರ್ಚುಗೀಸರದು. ನಾಯಿಗೆ ನಿಯತ್ತಿದೆ ಅನ್ನುತ್ತೀರಲ್ಲ, ಆ ನಿಯತ್ತು ಅರಬ್ಬಿಯದು, ಅಲ್ಲಿ ಅದಕ್ಕೆ ಉದ್ದೇಶ, ಸಂಕಲ್ಪ ಅಂತ ಅರ್ಥ. ಇಲ್ಲಿಗೆ ಬಂದು ಪ್ರಾಮಾಣಿಕತೆ ಆಯಿತು. ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟೆಲ್ ಪಾದ್ರಿ 1894ರ ನಿಘಂಟಿನಲ್ಲಿ ಇಂಥ ಪದಗಳನ್ನು ಹೊರಗೆ ಹಾಕಲಿಲ್ಲ, ಸೇರಿಸಿಕೊಂಡರು.

ನನ್ನ ತಕರಾರು ಬೇರೆ. ನಾವು ಕಥೋಲಿಕರು ‘ವಿಶ್ವಾಸ’ ಅನ್ನುತ್ತೇವೆ. ಅದನ್ನು ಹಾಕಬಾರದಾ?

ಮಲ್ಲೇಶ್ವರದಿಂದ:
ವಿಧಾನಸೌಧದವರು ಆ ಪದ ಕೆಡಿಸಿಟ್ಟಿದ್ದಾರೆ. ವಿಶ್ವಾಸ ಅಂದ ಕೂಡಲೇ ‘ಮತ ಯಾಚನೆ’ ನೆನಪಾಗುತ್ತದೆ. ನಂಬಿಕೆಯೇ ಇರಲಿ. ಅದೂ ಬರೀ ‘ನಂಬಿಕೆಯಿಂದ’ ಅಲ್ಲ, ‘ನಂಬಿಕೆಯಿಂದಲೇ’.

ಕಿಟೆಲ್ ನಗರದಿಂದ:
ಅಗೋ ಬಂತು. ಆ ‘ಏ’ ಸುಮ್ನೆ ಬಂದದ್ದಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆ 3:28ರಲ್ಲಿ, ಮನುಷ್ಯ ನಂಬಿಕೆಯಿಂದ ನೀತಿವಂತನಾಗುತ್ತಾನೆ ಅನ್ನುವಾಗ, ಪೌಲ ‘ಮಾತ್ರ’ ಅನ್ನುವ ಪದ ಹಾಕಿಲ್ಲ. ಪ್ರೊಟೆಸ್ಟೆಂಟರ ಮೂಲಪುರುಷ ಲೂಥರ್ 1522ರಲ್ಲಿ ಜರ್ಮನ್ನಿಗೆ ತರುವಾಗ ‘ಅಲೈನ್’ (ಮಾತ್ರ) ಅಂತ ಸೇರಿಸಿದ. ಬೈದವರಿಗೆ, ಜರ್ಮನ್ ಮಾತಾಡುವ ರೀತಿಯೇ ಹಾಗೆ ಅಂದ. ಅವನು ಒಂದು ಇಡೀ ಪದ ಹಾಕಿ ಮಾಡಿದ್ದನ್ನು ನೀವು ಒಂದು ಏತ್ವದಲ್ಲಿ ಮುಗಿಸುತ್ತಿದ್ದೀರಿ. ಯಾಕೋಬ 2:24ರಲ್ಲಿ ನಂಬಿಕೆಯೊಂದೇ ಸಾಲದು ಅಂತ ಇದೆ, ಅದನ್ನೂ ಓದಿ.

ಮಲ್ಲೇಶ್ವರದಿಂದ:
1999ರ ಅಕ್ಟೋಬರ್ 31ಕ್ಕೆ ಆಗ್ಸ್‌ಬರ್ಗಿನಲ್ಲಿ ನಿಮ್ಮವರೂ ಲೂಥರನ್ನರೂ ಕೂತು ಈ ವಿಷಯಕ್ಕೆ ಜಂಟಿ ಹೇಳಿಕೆಗೆ ಸಹಿ ಹಾಕಿದ್ದಾರೆ. ನೀವು ಕಿಟೆಲ್ ನಗರದಲ್ಲಿ ಕೂತು ಯಾಕೆ ಮತ್ತೆ ಶುರು ಮಾಡುತ್ತೀರಿ?

ಬಸವನಗುಡಿಯಿಂದ:
ಅವಧಾರಣೆಯ ‘ಏ’ ಅಚ್ಚ ಕನ್ನಡ. ಇರಲಿ.
ಆದರೆ ‘ತಪ್ಪು’ ಅಂದರೆ ಊರ ಕಡೆಯವರಿಗೆ ‘ತಪ್ಪುಕಾಣಿಕೆ’ ನೆನಪಾಗುತ್ತದೆ. ಹರಕೆ ಮರೆತರೆ ದೇವರಿಗೆ ಕೊಡುತ್ತಾರಲ್ಲ, ಅದು. ದುಡ್ಡು ಕೊಟ್ಟರೆ ತೀರಿತು ಅನ್ನುವ ಅರ್ಥ ಬರಬಹುದು.

ಪ್ರಶ್ನೆ ಕೇಳಿದವನಿಂದ:
ಆ ಕಾಣಿಕೆ ಮಾತು ಕೇಳಿ ನನಗೆ ‘ತಪ್ಪಿಗೆ ಕಾಣಿಕೆ ಬೇಡ’ ಅಂತ ಮೇಲಿನ ಸಾಲು ಹೊಳೆಯಿತು. 1517ರಲ್ಲಿ ಲೂಥರ್ ಜಗಳ ತೆಗೆದದ್ದೂ ಪಾಪದ ಶಿಕ್ಷೆಗೆ ಮಾಫಿ ಚೀಟಿ ಮಾರುವುದರ ಮೇಲೆಯೇ ಅಲ್ವಾ? ಖಜಾಂಚಿಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಭಾನುವಾರದ ಕಾಣಿಕೆ ತಟ್ಟೆ ನೀವೇ ಹಿಡಿಯಿರಿ ಅಂದರು. ಬಿಟ್ಟೆ.

ಕೊನೆಗೆ ಮೇಲೆ ‘ತಪ್ಪು ಒಪ್ಪಿಕೊಳ್ಳೋಣ’, ಕೆಳಗೆ ‘ನಂಬಿಕೆಯಿಂದಲೇ ರಕ್ಷಣೆ’. ‘ಏ’ ಬಗ್ಗೆ ನಿಮ್ಮ ಜಗಳ ಓದುತ್ತಿದ್ದಾಗಲೇ ಪೇಂಟರ್ ಆ ಅಕ್ಷರ ಬರೆದು ಮುಗಿಸಿದ್ದ. ನೀಲಿ ಬಣ್ಣ, ಇನ್ನೂ ಒಣಗಿಲ್ಲ, ಮುಟ್ಟಬೇಡಿ ಅನ್ನುತ್ತಿದ್ದಾನೆ.